ಲಿನಕ್ಸ್ ಕರ್ನಲ್ ದಾಖಲೆಗಳ ನಿರ್ವಹಣೆ: ಸಾರ್ವಜನಿಕರ ಮಾಹಿತಿಗಾಗಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳ ನಾಗರಿಕರು ಅರ್ಜಿ ಸಲ್ಲಿಸಲು ಬಳಸುವ ಆಂಡ್ರಾಯ್ಡ್ ಮೊಬೈಲ್‌ಗಳು ಲಿನಕ್ಸ್ ಕರ್ನಲ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿವೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಇದರ ಸೋರ್ಸ್ ಕೋಡ್ ಅನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ದಾಖಲೆಯ ಅಗತ್ಯ:
ಜಮೀನು ಮಾರಾಟವಾದ ನಂತರ ಖಾತೆ ಬದಲಾವಣೆಯಾಗದಿದ್ದಲ್ಲಿ ಪಹಣಿಯಲ್ಲಿ ಹಳೆಯ ಹೆಸರೇ ಉಳಿದು ಖರೀದಿದಾರರು ತೊಂದರೆಗೊಳಗಾಗುತ್ತಾರೆ. ಅದೇ ರೀತಿ ಕೋಡ್ ಬದಲಾಗಿ ಅದರ ವಿವರಣೆ ಬದಲಾಗದಿದ್ದಲ್ಲಿ, ಆ ವಿವರಣೆಯನ್ನು ನಂಬಿ ಸಿದ್ಧಪಡಿಸಿದ ತಂತ್ರಾಂಶದಲ್ಲಿ ದೋಷ ಉಂಟಾಗಿ ಬಳಕೆದಾರರು ತೊಂದರೆ ಅನುಭವಿಸಬೇಕಾಗುತ್ತದೆ.

ನಿರ್ವಹಣೆಯ ಕ್ರಮ:
ದಾಖಲೆಗಳನ್ನು ಸೋರ್ಸ್ ಕೋಡ್ ಜೊತೆಯಲ್ಲಿಯೇ ಪ್ರತ್ಯೇಕ ಫೋಲ್ಡರ್‌ನಲ್ಲಿ ಇರಿಸಲಾಗುತ್ತದೆ. ಕೆಲವು ವಿವರಣೆಗಳನ್ನು ಕೋಡ್‌ನೊಳಗಿನ ಟಿಪ್ಪಣಿಗಳಿಂದಲೇ ಪಡೆಯಲಾಗುತ್ತದೆ. 2016ರಿಂದ ಇವುಗಳನ್ನು ಸ್ಫಿಂಕ್ಸ್ ಎಂಬ ತಂತ್ರಾಂಶದ ಮೂಲಕ ಪುಟಗಳಾಗಿ ಸಿದ್ಧಪಡಿಸಲಾಗುತ್ತಿದೆ. ಚೀನೀ, ಜಪಾನೀ, ಕೊರಿಯನ್ ಮುಂತಾದ ಭಾಷೆಗಳ ಅನುವಾದಗಳನ್ನೂ ಮೂಲ ಪಠ್ಯ ಬದಲಾದಂತೆ ಪರಿಷ್ಕರಿಸಬೇಕಾಗುತ್ತದೆ.

ತಿದ್ದುಪಡಿ ಸಲ್ಲಿಸುವ ವಿಧಾನ:
1. ಯಾವುದೇ ಶುಲ್ಕ ಇರುವುದಿಲ್ಲ.
2. ತಿದ್ದುಪಡಿಯನ್ನು ಪ್ಯಾಚ್ ರೂಪದಲ್ಲಿ ಸಿದ್ಧಪಡಿಸಿ, ಬದಲಾವಣೆಯ ಕಾರಣವನ್ನು ನಮೂದಿಸತಕ್ಕದ್ದು.
3. ಸಲ್ಲಿಸುವವರು ತಮ್ಮ ಹೆಸರಿನ ದೃಢೀಕರಣ ಸಾಲನ್ನು ಸೇರಿಸತಕ್ಕದ್ದು.
4. ಮೇಂಟೇನರ್ಸ್ ಎಂಬ ಕಡತದಲ್ಲಿ ಸಂಬಂಧಿಸಿದ ನಿರ್ವಾಹಕರ ವಿಳಾಸ ನೋಡಿ ಇ-ಮೇಲ್ ಮೂಲಕ ಕಳುಹಿಸತಕ್ಕದ್ದು.

ಪರಿಶೀಲನೆಯ ನಂತರ ನಿರ್ವಾಹಕರು ತಿದ್ದುಪಡಿಯನ್ನು ಅಂಗೀಕರಿಸಬಹುದು ಅಥವಾ ಸಲಹೆಯೊಂದಿಗೆ ಹಿಂದಿರುಗಿಸಬಹುದು. ಕಾಗುಣಿತ ದೋಷದ ತಿದ್ದುಪಡಿಯನ್ನೂ ಸಲ್ಲಿಸಬಹುದಾಗಿದ್ದು, ಆಸಕ್ತ ವಿದ್ಯಾರ್ಥಿಗಳು ಅಲ್ಲಿಂದಲೇ ಆರಂಭಿಸಬಹುದಾಗಿದೆ.