ತೆಂಗಿನ ಸೀಮೆಯಿಂದ ದಕ್ಷಿಣ ವಲಯಕ್ಕೆ: ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಯಾರಿ

ಅರಳಗುಪ್ಪೆ (ತಿಪಟೂರು ತಾಲ್ಲೂಕು): ಬೆಂಗಳೂರು-ಅರಸೀಕೆರೆ ರೈಲು ಮಾರ್ಗದಲ್ಲಿ ಬರುವ ಈ ಊರನ್ನು ಹೊರಗಿನವರು ಬಲ್ಲುದು ಕಲ್ಲೇಶ್ವರ ದೇವಾಲಯದ ನೊಳಂಬರ ಕಾಲದ ನಟರಾಜ ಶಿಲ್ಪದಿಂದ ಮತ್ತು ಹೊಯ್ಸಳರ ಚೆನ್ನಕೇಶವ ಗುಡಿಯಿಂದ. ಊರಿನವರಿಗಾದರೋ ತೆಂಗೇ ಸರ್ವಸ್ವ. ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗುವ ಕಾಯಿ, ತಿಪಟೂರು ಮಾರುಕಟ್ಟೆಯ ಧಾರಣೆ, ಮನೆಯ ಮಗಳ ಕಾಲೇಜು ಶುಲ್ಕ - ಇವು ಮೂರೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರುವ ಬಾಬ್ತುಗಳು.

ಇಂಥ ಊರಿನ ಹುಡುಗಿಯೊಬ್ಬಳು ಪದವಿ ಕಾಲೇಜಿಗೆ ಸೇರಿ, ಅಲ್ಲಿಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸ್ಥಾನ ಪಡೆದಳೆನ್ನಿ. ಅಂತರ ಕಾಲೇಜು ಪಂದ್ಯಾವಳಿಗೆ ಇನ್ನು ಆರೇಳು ವಾರಗಳಿವೆ. ಈ ಅವಧಿಯಲ್ಲಿ ಆಕೆ ಏನನ್ನು ಕಲಿಯಬೇಕು, ಏನನ್ನು ಉಣ್ಣಬೇಕು, ಯಾವ ಬಸ್ಸು ಹಿಡಿಯಬೇಕು ಎಂಬುದರ ವಿವರ ಪತ್ರಿಕೆಗಳ ಕ್ರೀಡಾಪುಟದಲ್ಲಿ ಸಿಗುವುದಿಲ್ಲ. ಅಲ್ಲಿ ಸಿಗುವುದು ಫಲಿತಾಂಶ ಮಾತ್ರ. ಫಲಿತಾಂಶಕ್ಕಿಂತ ಮುಂಚಿನ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಹಾದಿ ಹೇಗೆ?

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ‘ಕಾನ್ಫರೆನ್ಸ್’ ಎಂಬ ಪದ ಪದೇ ಪದೇ ಕೇಳಿಬರುತ್ತದೆ. ಒಂದಷ್ಟು ವಿಶ್ವವಿದ್ಯಾನಿಲಯಗಳು ಸೇರಿ ಕಟ್ಟಿಕೊಂಡ ಕೂಟವದು. ಕೂಟದ ತಂಡಗಳು ತಿಂಗಳುಗಟ್ಟಲೆ ತಮ್ಮೊಳಗೇ ಆಡಿ, ಗೆದ್ದವರು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಬೆಂಗಳೂರಿನ ಸಂಜನಾ ರಮೇಶ್ ಕಳೆದ ದಶಕದ ಕೊನೆಯಲ್ಲಿ ವಿದ್ಯಾರ್ಥಿವೇತನ ಪಡೆದು ಸೇರಿದ್ದು ಅರಿಜೋನಾ ರಾಜ್ಯದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾನಿಲಯವನ್ನು. ಆ ತಂಡ ‘ಬಿಗ್ ಸ್ಕೈ’ ಕಾನ್ಫರೆನ್ಸ್‌ನಲ್ಲಿ ಆಡುತ್ತದೆ. ಕನ್ನಡ ನಾಡಿನ ಹುಡುಗಿಯೊಬ್ಬಳು ಅಲ್ಲಿಯ ಪ್ರಥಮ ಶ್ರೇಣಿಯ ಕಾಲೇಜು ಪಂದ್ಯಗಳಲ್ಲಿ ಕಣಕ್ಕಿಳಿದದ್ದು ಸಣ್ಣ ಸಂಗತಿಯಲ್ಲ.

ನಮ್ಮಲ್ಲಿ ಇದಕ್ಕೆ ಸಂವಾದಿಯಾದುದು ವಲಯ ವ್ಯವಸ್ಥೆ. ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ಸ್ಥಾಪನೆಯಾಯಿತು. ಅದರ ವ್ಯಾಪ್ತಿಯ ಕಾಲೇಜುಗಳು ಮೊದಲು ತಮ್ಮೊಳಗೆ ಸೆಣಸುತ್ತವೆ. ಆ ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದವರಿಗೆ ಆಯ್ಕೆ ಪರೀಕ್ಷೆ ನಡೆದು ಹನ್ನೆರಡು ಮಂದಿಯ ವಿಶ್ವವಿದ್ಯಾನಿಲಯ ತಂಡ ರೂಪುಗೊಳ್ಳುತ್ತದೆ. ತರಬೇತಿ ಶಿಬಿರ ಮುಗಿಸಿ ಆ ತಂಡ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ ಆಶ್ರಯದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ಹೊರಡುತ್ತದೆ. ಅಲ್ಲಿ ಎದುರಾಗುವುದು ತಮಿಳುನಾಡು, ಕೇರಳ, ಆಂಧ್ರಪ್ರದೇಶ, ತೆಲಂಗಾಣಗಳ ಬಲಾಢ್ಯ ತಂಡಗಳು. ವಲಯದ ಮೊದಲ ನಾಲ್ಕು ತಂಡಗಳಿಗೆ ಅಖಿಲ ಭಾರತ ಮಟ್ಟದ ಪ್ರವೇಶ. ಅದರಾಚೆಗೆ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟವಿದೆ. ಇದರ ಎರಡನೆಯ ಕೂಟಕ್ಕೆ 2022ರ ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರೇ ಆತಿಥ್ಯ ವಹಿಸಿತ್ತು.

ಅಮೆರಿಕದ ವ್ಯವಸ್ಥೆಗೂ ನಮ್ಮದಕ್ಕೂ ಇರುವ ದೊಡ್ಡ ಅಂತರ ಪಂದ್ಯಗಳ ಸಂಖ್ಯೆಯದು. ಅಲ್ಲಿ ಒಂದು ಪಂದ್ಯ ಸೋತರೆ ಮುಂದಿನ ವಾರ ಇನ್ನೊಂದು ಇದ್ದೇ ಇರುತ್ತದೆ. ನಮ್ಮ ವಲಯ ಪಂದ್ಯಾವಳಿಯ ಆರಂಭಿಕ ಸುತ್ತುಗಳು ಸೋತವರು ಮನೆಗೆ ಹೋಗುವ ಪದ್ಧತಿಯವು. ವರ್ಷವಿಡೀ ಕಷ್ಟಪಟ್ಟ ಹುಡುಗಿ ರಾತ್ರಿಯಿಡೀ ಪ್ರಯಾಣ ಮಾಡಿ, ಮರುಬೆಳಿಗ್ಗೆ ನಲವತ್ತು ನಿಮಿಷ ಆಡಿ, ಸಂಜೆಯ ರೈಲಿಗೆ ಹಿಂದಿರುಗುವ ಸಂಭವವೂ ಉಂಟು. ಹೀಗಾಗಿಯೇ ತಯಾರಿಯ ದಿನಗಳಿಗೆ ನಮ್ಮಲ್ಲಿ ಹೆಚ್ಚಿನ ತೂಕ. ಕೆಟ್ಟ ದಿನವೊಂದನ್ನು ತಿದ್ದಿಕೊಳ್ಳಲು ಎರಡನೆಯ ಅವಕಾಶವಿಲ್ಲ.

ಚೆಂಡು, ಅಂಕಣ, ಗಡಿಯಾರ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜೇಮ್ಸ್ ನೈಸ್ಮಿತ್ ಅವರಿಂದ. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಕಿ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಇದನ್ನು ಹುಡುಗಿಯರಿಗೆ ಕಲಿಸಿದರು. ಆದರೆ ಅಂಕಣವನ್ನು ಮೂರು ಪಾಲು ಮಾಡಿ, ಒಬ್ಬಳು ತನ್ನ ಪಾಲನ್ನು ದಾಟುವಂತಿಲ್ಲ, ಚೆಂಡನ್ನು ಕಸಿಯುವಂತಿಲ್ಲ ಎಂಬ ನಿಯಮ ಮಾಡಿದರು. ಹೆಣ್ಣಿನ ದೇಹ ಅಷ್ಟು ಓಡಾಟವನ್ನು ತಾಳದು ಎಂಬುದು ಅಂದಿನ ನಂಬಿಕೆ. ಒಲಿಂಪಿಕ್ಸ್‌ಗೆ ಪುರುಷರ ಬ್ಯಾಸ್ಕೆಟ್‌ಬಾಲ್ 1936ರಲ್ಲೇ ಬಂದರೂ ಮಹಿಳೆಯರ ಪಾಲಿಗೆ ಆ ಬಾಗಿಲು ತೆರೆದದ್ದು 1976ರಲ್ಲಿ. ಈಗಿನ ಆಟದಲ್ಲಿ ಒಬ್ಬ ಆಟಗಾರ್ತಿ ಪಂದ್ಯವೊಂದರಲ್ಲಿ ಸುಮಾರು ಐದಾರು ಕಿಲೋಮೀಟರ್ ಓಡುತ್ತಾಳೆ. ಅದೂ ಒಂದೇ ಹದದ ಓಟವಲ್ಲ. ನಾಲ್ಕು ಹೆಜ್ಜೆ ಬಿರುಸು, ಗಕ್ಕನೆ ನಿಲ್ಲುವುದು, ಜಿಗಿತ, ಮತ್ತೆ ಹಿಮ್ಮುಖ ಓಟ.

ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಬುಟ್ಟಿಯ ಬಳೆ ನೆಲದಿಂದ 3.05 ಮೀಟರ್ ಎತ್ತರದಲ್ಲಿರುತ್ತದೆ. ಇದರಲ್ಲಿ ಹೆಣ್ಣು-ಗಂಡೆಂಬ ಭೇದವಿಲ್ಲ. ಭೇದವಿರುವುದು ಚೆಂಡಿನಲ್ಲಿ. ಪುರುಷರು ಆಡುವುದು 7ನೇ ಅಳತೆಯ ಚೆಂಡು, ಮಹಿಳೆಯರು ಆಡುವುದು ಅದಕ್ಕಿಂತ ಚಿಕ್ಕದೂ ಹಗುರವೂ ಆದ 6ನೇ ಅಳತೆಯದು. ಇದು ಮೇಲ್ನೋಟಕ್ಕೆ ಕ್ಷುಲ್ಲಕ ವಿವರವೆನಿಸಬಹುದು. ಆದರೆ ಹುಡುಗರ ತಂಡಕ್ಕೆ ಕೊಂಡ 7ನೇ ಅಳತೆಯ ಚೆಂಡಿನಲ್ಲೇ ಹುಡುಗಿಯರೂ ಅಭ್ಯಾಸ ಮಾಡಿದರೆ, ಪಂದ್ಯದ ದಿನ ಕೈಗೆ ಬರುವ ಚೆಂಡೇ ಬೇರೆಯಾಗುತ್ತದೆ. ದೂರದಿಂದ ಎಸೆದದ್ದು ಬಳೆಯನ್ನು ದಾಟಿ ಹಿಂದಿನ ಹಲಗೆಗೆ ಬಡಿಯುತ್ತದೆ. ಕೈ ಒಗ್ಗಿಸಿಕೊಳ್ಳುವಷ್ಟರಲ್ಲಿ ಮೊದಲ ಹತ್ತು ನಿಮಿಷಗಳ ಅವಧಿ ಮುಗಿದಿರುತ್ತದೆ. ಕಾಲೇಜೊಂದು ಮಾಡಬಹುದಾದ ಅತಿ ಅಗ್ಗದ ಸುಧಾರಣೆಯೆಂದರೆ ನಾಲ್ಕು ಸರಿಯಾದ ಅಳತೆಯ ಚೆಂಡುಗಳನ್ನು ಕೊಳ್ಳುವುದು.

ಇನ್ನು ಗಡಿಯಾರ. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕು. ಮೊದಲ ಎಂಟು ಸೆಕೆಂಡುಗಳಲ್ಲಿ ತನ್ನ ಅರ್ಧವನ್ನು ದಾಟಬೇಕು. ಎಸೆತ ಬಳೆಗೆ ತಗುಲಿ ಮರಳಿದ ಚೆಂಡು ಅದೇ ತಂಡಕ್ಕೆ ದಕ್ಕಿದರೆ ಮತ್ತೆ 14 ಸೆಕೆಂಡು ಮಾತ್ರ. ತಾಲ್ಲೂಕು ಮಟ್ಟದ ಹಲವು ಅಂಕಣಗಳಲ್ಲಿ ಈ ಗಡಿಯಾರವೇ ಇರುವುದಿಲ್ಲ. ಗಡಿಯಾರವಿಲ್ಲದ ಅಂಕಣದಲ್ಲಿ ಬೆಳೆದ ತಂಡವೊಂದು ವಲಯ ಪಂದ್ಯಾವಳಿಯಲ್ಲಿ ಕೆಂಪು ಅಂಕಿಗಳು ಇಳಿಯುವುದನ್ನು ಕಂಡು ಕಂಗೆಡುವುದು ಸಹಜ. ಇದಕ್ಕೆ ಉಪಾಯ ಸರಳ. ತಂಡದ ಹೊರಗೆ ಕುಳಿತ ಹುಡುಗಿ ಮೊಬೈಲ್ ಹಿಡಿದು ಕೊನೆಯ ಹತ್ತು ಸೆಕೆಂಡುಗಳನ್ನು ಗಟ್ಟಿಯಾಗಿ ಎಣಿಸಿದರಾಯಿತು. ಸಾಮಗ್ರಿ ಇಲ್ಲದಿರುವುದಕ್ಕಿಂತ ಅದಿಲ್ಲವೆಂದು ನಿಯಮವನ್ನೇ ಮರೆಯುವುದು ಹೆಚ್ಚಿನ ನಷ್ಟ.

ಮಂಡಿಯ ಮಾತು

ಇಲ್ಲಿಂದ ಮುಂದಿನದು ಹುಡುಗಿಯರ ತಂಡಕ್ಕೆ ವಿಶೇಷವಾಗಿ ಅನ್ವಯಿಸುವ ವಿಷಯ. ಮಂಡಿಯ ನಡುವೆ ಅಡ್ಡಹಾಯುವ ಅಸ್ಥಿರಜ್ಜೊಂದಿದೆ. ವೈದ್ಯರು ಅದನ್ನು ಎಸಿಎಲ್ ಎನ್ನುತ್ತಾರೆ. ಜಿಗಿದು ಇಳಿಯುವ, ಓಡುತ್ತ ತಟ್ಟನೆ ತಿರುಗುವ ಆಟಗಳಲ್ಲಿ ಇದು ಹರಿಯುವ ಸಂಭವ ಪುರುಷರಿಗಿಂತ ಮಹಿಳೆಯರಲ್ಲಿ ಹಲವು ಪಟ್ಟು ಹೆಚ್ಚು ಎಂಬುದನ್ನು ಕ್ರೀಡಾ ವೈದ್ಯಕೀಯ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇನ್ನೊಬ್ಬಳು ಡಿಕ್ಕಿ ಹೊಡೆದು ಆಗುವ ಗಾಯಕ್ಕಿಂತ, ಯಾರೂ ಮುಟ್ಟದೆ ತಾನೇ ತಪ್ಪಾಗಿ ಇಳಿದು ಆಗುವ ಗಾಯವೇ ಅಧಿಕ. ಮಂಡಿಗಳು ಒಳಕ್ಕೆ ವಾಲಿ, ಕಾಲು ನೆಟ್ಟಗೆ ಸೆಟೆದು ನೆಲ ಮುಟ್ಟಿದಾಗ ಅಪಾಯ ಹೆಚ್ಚು.

ಶಸ್ತ್ರಚಿಕಿತ್ಸೆಯಾದರೆ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಿಗೂ ಮೇಲ್ಪಟ್ಟ ಕಾಲ ಬೇಕು. ಮೂರು ವರ್ಷದ ಪದವಿಯಲ್ಲಿ ಅದು ಒಂದು ಇಡೀ ಋತು. ಹಳ್ಳಿಯ ಕುಟುಂಬಗಳಲ್ಲಿ ಅದರ ಅರ್ಥ ಇನ್ನೂ ಕಠಿಣ. ‘ಆಡಿದ್ದು ಸಾಕು, ಮುಂದೆ ಮದುವೆ ಮಾಡಬೇಕಾದ ಹುಡುಗಿ’ ಎಂಬ ಮಾತು ಬಂದರೆ ಆಟ ಅಲ್ಲಿಗೇ ನಿಂತುಹೋಗುತ್ತದೆ.

ತಡೆಯುವ ಕ್ರಮ ದುಬಾರಿಯದೇನಲ್ಲ. ಅಭ್ಯಾಸದ ಆರಂಭದ ಹದಿನೈದು-ಇಪ್ಪತ್ತು ನಿಮಿಷ, ವಾರಕ್ಕೆ ಎರಡು-ಮೂರು ದಿನ, ಜಿಗಿದು ಮೆತ್ತಗೆ ಇಳಿಯುವುದು, ಒಂಟಿ ಕಾಲಿನ ಮೇಲೆ ಸಮತೋಲ, ತೊಡೆಯ ಹಿಂಭಾಗದ ಮತ್ತು ಸೊಂಟದ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಇಷ್ಟನ್ನು ಪಂದ್ಯಾವಳಿಗೆ ಆರು ವಾರ ಮುಂಚೆಯೇ ಆರಂಭಿಸಿ ನಿಲ್ಲಿಸದೆ ನಡೆಸಿದ ತಂಡಗಳಲ್ಲಿ ಇಂಥ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿರುವುದು ಕಂಡುಬಂದಿದೆ. ಯಂತ್ರ ಬೇಡ, ಹಣ ಬೇಡ. ಬೇಕಾದುದು ಎದುರು ನಿಂತು ‘ಮಂಡಿ ಒಳಗೆ ಹೋಯಿತು, ಇನ್ನೊಮ್ಮೆ’ ಎಂದು ಹೇಳುವ ತರಬೇತುದಾರರು ಮಾತ್ರ. ಸಮಯ ಕಡಿಮೆಯಾದಾಗ ಮೊದಲು ಬಿಟ್ಟುಬಿಡುವುದೂ ಇದನ್ನೇ ಎಂಬುದು ವಿಷಾದದ ಸಂಗತಿ.

ರಕ್ತದಲ್ಲಿರುವ ಬಲ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನತೆಯುಳ್ಳವರು. ಹಾಗೆಂದರೆ ಹನ್ನೆರಡು ಮಂದಿಯ ತಂಡವೊಂದರಲ್ಲಿ ಐದಾರು ಹುಡುಗಿಯರಿಗೆ ಈ ತೊಂದರೆ ಇರಬಹುದೆಂದು ಊಹಿಸುವುದು ಅತಿಶಯೋಕ್ತಿಯಾಗದು. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ ಸ್ನಾಯುಗಳಿಗೆ ತಲುಪುವ ಆಮ್ಲಜನಕವೂ ಕಡಿಮೆ. ಮೂರನೆಯ ಅವಧಿಯಲ್ಲಿ ಏದುಸಿರು ಬಿಡುವ ಹುಡುಗಿಯನ್ನು ‘ಸೋಮಾರಿ’ ಎಂದು ಗದರಿಸುವ ಮುನ್ನ ಆಕೆಯ ರಕ್ತ ಪರೀಕ್ಷೆ ಮಾಡಿಸುವುದು ನ್ಯಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಆಗುತ್ತದೆ.

ಊಟದ ವಿಷಯದಲ್ಲಿ ಈ ಸೀಮೆ ಬಡವಲ್ಲ. ರಾಗಿಮುದ್ದೆ, ಹುರುಳಿಕಾಳು, ನುಗ್ಗೆಸೊಪ್ಪು ಎಲ್ಲವೂ ಮನೆಯಂಗಳದ ವಸ್ತುಗಳೇ. ತೊಡಕಿರುವುದು ಜೊತೆಗೂಡಿಸುವ ಕ್ರಮದಲ್ಲಿ. ಸೊಪ್ಪು-ಕಾಳುಗಳಲ್ಲಿನ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಊಟದೊಡನೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಹೆಚ್ಚು ದಕ್ಕುತ್ತದೆ, ಊಟ ಮುಗಿದ ಕೂಡಲೇ ಚಹಾ-ಕಾಫಿ ಕುಡಿದರೆ ದಕ್ಕಬೇಕಾದುದೂ ಕಡಿಮೆಯಾಗುತ್ತದೆ. ಕೊರತೆ ಹೆಚ್ಚಿದ್ದರೆ ಆಹಾರವೊಂದೇ ಸಾಲದು, ವೈದ್ಯರು ಹೇಳಿದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕು. ಆರು ವಾರದ ತಯಾರಿಯಲ್ಲಿ ಮೊದಲ ವಾರವೇ ಪರೀಕ್ಷೆ ಮಾಡಿಸಿದರೆ ಮಾತ್ರ ಉಪಯೋಗವೆಂಬುದು ಇದರಿಂದ ಸ್ಪಷ್ಟ. ಅಂದ ಹಾಗೆ, ಬೆಳಿಗ್ಗೆ ಏಳರ ಬಸ್ಸಿಗೆ ಓಡಿಬರುವ ಹುಡುಗಿಯರಲ್ಲಿ ಎಷ್ಟು ಮಂದಿ ತಿಂಡಿ ತಿಂದಿರುತ್ತಾರೆಂದು ಕೇಳಿ ನೋಡಿದರೆ ಬೇರೆಯದೇ ಕಥೆ ಹೊರಬೀಳಬಹುದು.

ಸಂಜೆಯ ಬಸ್ಸು

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಅಭ್ಯಾಸಕ್ಕೆಂದು ದಿನವೂ ಓಡಾಡುವ ಹುಡುಗಿಗೆ ಇದರಿಂದಾದ ಅನುಕೂಲ ಕಡಿಮೆಯದಲ್ಲ. ಆದರೆ ಟಿಕೆಟ್ಟಿನ ಹಣ ಉಳಿದ ಮಾತ್ರಕ್ಕೆ ಬಸ್ಸಿನ ವೇಳೆ ಬದಲಾಗದು. ತರಗತಿ ಮುಗಿಯುವುದು ಮಧ್ಯಾಹ್ನ, ಬಿಸಿಲು ತಗ್ಗುವುದು ಸಂಜೆ, ಹಳ್ಳಿಯ ಕಡೆಗಿನ ಬಸ್ಸು ಹೊರಡುವುದೂ ಅದೇ ಹೊತ್ತಿಗೆ. ಹಾಸ್ಟೆಲಿನಲ್ಲಿರುವವರು ಎರಡು ಗಂಟೆ ಆಡಿದರೆ ಊರಿಗೆ ಮರಳಬೇಕಾದವರು ಮುಕ್ಕಾಲು ಗಂಟೆ ಆಡಿ ಚೀಲ ಎತ್ತಿಕೊಳ್ಳುತ್ತಾರೆ. ಹೀಗೆ ಐವರ ತಂಡ ಎಂದೂ ಪೂರ್ತಿಯಾಗಿ ಒಟ್ಟಿಗೆ ಆಡದೆಯೇ ಪಂದ್ಯಕ್ಕೆ ಹೋಗುವ ಸ್ಥಿತಿ ಬರುತ್ತದೆ. ಬೆಳಗಿನ ಅಭ್ಯಾಸಕ್ಕೆ ಬದಲಾಯಿಸುವುದು, ತರಗತಿಗಳ ನಡುವೆ ಒಂದು ಗಂಟೆ ಬಿಡಿಸಿಕೊಡುವುದು, ಶಿಬಿರದ ಕಡೆಯ ವಾರ ಎಲ್ಲರನ್ನೂ ಹಾಸ್ಟೆಲಿನಲ್ಲಿ ಇರಿಸುವುದು - ಈ ಮೂರರಲ್ಲಿ ಒಂದನ್ನಾದರೂ ಕಾಲೇಜು ಮಾಡದಿದ್ದರೆ ತರಬೇತುದಾರರ ಶ್ರಮ ಅರ್ಧಕ್ಕೆ ನಿಲ್ಲುತ್ತದೆ.

ಶೂ ಖರೀದಿಯ ಮಾತೂ ಇದೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದು ತಿಪಟೂರಿನಲ್ಲಿ ರೈತರು ಹೋರಾಟಕ್ಕಿಳಿದಿದ್ದರು. ಅಂಥ ವರ್ಷದಲ್ಲಿ ಮಗಳೊಬ್ಬಳು ಆಟದ ಶೂ ಕೇಳಲು ಹಿಂಜರಿದರೆ ಅಚ್ಚರಿಯಿಲ್ಲ. ಸಿಮೆಂಟಿನ ಅಂಕಣದಲ್ಲಿ ಅಟ್ಟೆ ಸವೆದ ಶೂ ಹಾಕಿ ಆಡಿದರೆ ಮತ್ತೆ ಮಂಡಿಯ ಮಾತಿಗೇ ಬಂದು ನಿಲ್ಲುತ್ತೇವೆ.

ಆಟದಿಂದ ದೊರೆಯುವುದೇನು?

ಪೋಷಕರು ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೂ ಹೌದು. ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ದಶಕಗಳಿಂದ ಭಾರತೀಯ ರೈಲ್ವೆಯದೇ ಮೇಲುಗೈ. ಕ್ರೀಡಾ ಕೋಟಾದಡಿ ಆಟಗಾರ್ತಿಯರಿಗೆ ಅದು ಉದ್ಯೋಗ ಕೊಡುತ್ತ ಬಂದಿರುವುದೇ ಇದಕ್ಕೆ ಮುಖ್ಯ ಕಾರಣ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆಯೂ ಇದರಲ್ಲಿ ಸೇರಿದೆ. ಚೆನ್ನೈನ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯ ಉದ್ಯೋಗಿಯಾಗಿದ್ದುಕೊಂಡೇ ಸುದೀರ್ಘ ಕಾಲ ದೇಶಕ್ಕಾಗಿ ಆಡಿ 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ 75-73ರಿಂದ ಕಜಕಸ್ತಾನವನ್ನು ಮಣಿಸಿದಾಗ ತಂಡದಲ್ಲಿ ಅವರಿದ್ದರು, ಕರ್ನಾಟಕದ ಪಿ.ಯು. ನವನೀತಾ ಕೂಡ ಇದ್ದರು. ಎರಡು ವರ್ಷಗಳ ನಂತರ ಅದೇ ಬೆಂಗಳೂರಿನಲ್ಲಿ ನಡೆದ ‘ಎ’ ವಿಭಾಗದ ಪಂದ್ಯಾವಳಿಯಲ್ಲಿ ಭಾರತ ಎಂಟನೆಯ ಸ್ಥಾನಕ್ಕೆ ಇಳಿಯಿತು ಎಂಬುದನ್ನೂ ಮರೆಯಬಾರದು. ಏಷ್ಯಾದ ಅಗ್ರ ತಂಡಗಳಿಗೂ ನಮಗೂ ಇರುವ ಅಂತರ ಅಷ್ಟು ದೊಡ್ಡದು.

ಕಾಲೇಜು ತಂಡದ ಎಲ್ಲರಿಗೂ ರೈಲ್ವೆಯ ನೌಕರಿ ಸಿಗುವುದಿಲ್ಲ. ಅದನ್ನು ಆಸೆ ತೋರಿಸಿ ಆಡಿಸುವುದು ಸರಿಯೂ ಅಲ್ಲ. ವಲಯ ಮಟ್ಟದ ಪ್ರಮಾಣಪತ್ರ ಕೆಲವು ನೇಮಕಾತಿಗಳಲ್ಲಿ, ದೈಹಿಕ ಶಿಕ್ಷಣ ಪದವಿಯ ಪ್ರವೇಶದಲ್ಲಿ ನೆರವಾಗಬಲ್ಲದು, ಅಷ್ಟೇ.

ಪ್ರಮಾಣಪತ್ರದ ಮಾತು ಬಂದದ್ದರಿಂದ ಕೊನೆಗೊಂದು ವ್ಯಾವಹಾರಿಕ ಸೂಚನೆ. ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿ ಆಡುವವರ ವಯಸ್ಸು ಆ ವರ್ಷದ ಜುಲೈ 1ಕ್ಕೆ 17ರಿಂದ 25ರ ಒಳಗಿರಬೇಕು, ವಿದ್ಯಾರ್ಥಿನಿ ನಿಯಮಿತ ಕೋರ್ಸಿಗೆ ದಾಖಲಾಗಿರಬೇಕು. ಎಸ್ಸೆಸ್ಸೆಲ್ಸಿ ಹಾಗೂ ದ್ವಿತೀಯ ಪಿಯುಸಿ ಅಂಕಪಟ್ಟಿಗಳು, ಕಾಲೇಜಿನ ಗುರುತಿನ ಚೀಟಿ, ಭಾವಚಿತ್ರ, ಸಹಿ ಮತ್ತು ಮೊಹರು ಬಿದ್ದ ಅರ್ಹತಾ ಪತ್ರ ಇವು ಸಿದ್ಧವಿರಲಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಕಾಲೇಜು ದಾಖಲೆಯಲ್ಲಿ ಇನ್ನೊಂದು ಹೆಸರಿದ್ದರೆ ಅದನ್ನು ಈಗಲೇ ಸರಿಪಡಿಸಿಕೊಳ್ಳುವುದು ಕ್ಷೇಮ. ಹೊರ ರಾಜ್ಯದ ಅಂಕಣದ ಬದಿಯಲ್ಲಿ, ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ, ಅದನ್ನು ತಿದ್ದಿಸಲು ಸಾಧ್ಯವಾಗದು.