ರಿಕೆಟ್ಸ್ ಗ್ಲೆನ್: ಜಲಪಾತಗಳ ನಡುವಿನ ಸುತ್ತುದಾರಿ

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಅಧೀನದಲ್ಲಿರುವ ರಾಷ್ಟ್ರೀಯ ಉದ್ಯಾನಗಳಲ್ಲದೆ, ಒಂದೊಂದು ರಾಜ್ಯವೂ ನಿಸರ್ಗದ ರಕ್ಷಣೆಗಾಗಿ ಮತ್ತು ಜನರ ವಿಹಾರಕ್ಕಾಗಿ ತಾನೇ ನೋಡಿಕೊಳ್ಳುವ ಉದ್ಯಾನಗಳಿದ್ದು, ಇವುಗಳಿಗೆ ಸ್ಟೇಟ್ ಪಾರ್ಕ್ ಎಂದು ಹೆಸರು. ಪೆನ್ಸಿಲ್ವೇನಿಯ ರಾಜ್ಯದ ಈಶಾನ್ಯ ಭಾಗದಲ್ಲಿ 13,193 ಎಕರೆಗಳಷ್ಟು ಹರಡಿಕೊಂಡಿರುವ ರಿಕೆಟ್ಸ್ ಗ್ಲೆನ್ ಅಂಥದೊಂದು ಉದ್ಯಾನವಾಗಿದ್ದು, ಅದರೊಳಗಿನ ‘ಫಾಲ್ಸ್ ಟ್ರೇಲ್’ ಎಂಬ ಕಾಲುದಾರಿಯು ಅಮೆರಿಕದ ಪೂರ್ವ ಭಾಗದ ಚಾರಣಿಗರಲ್ಲಿ ಬಹಳ ಹೆಸರಾದದ್ದು. ಸುಮಾರು 7.2 ಮೈಲಿ, ಅಂದರೆ ಹನ್ನೊಂದೂವರೆ ಕಿಲೋಮೀಟರುಗಳ ಈ ನಡಿಗೆಯಲ್ಲಿ ಹೆಸರಿಟ್ಟ 21 ಜಲಪಾತಗಳು ಕಣ್ಣಿಗೆ ಬೀಳುತ್ತವೆ. ಕೈಪಿಡಿಗಳು ಈ ದಾರಿಯನ್ನು ಕೆಲವೊಮ್ಮೆ ‘ಮಧ್ಯಮ’ ದರ್ಜೆಯದೆಂದು ಕರೆಯುವುದುಂಟಾದರೂ, ಆ ಮಾತು ದೂರವನ್ನು ನೋಡಿ ಹೇಳಿದ್ದೇ ಹೊರತು ಕಾಲಡಿಯ ಕಲ್ಲನ್ನು ನೋಡಿ ಹೇಳಿದ್ದಲ್ಲ.

ದಾರಿಯ ವಿನ್ಯಾಸವನ್ನು ತಿಳಿದುಕೊಂಡರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಕಿಚನ್ ಕ್ರೀಕ್ ಎಂಬ ತೊರೆಯು ಮೇಲಿನ ಪ್ರಸ್ಥಭೂಮಿಯಿಂದ ಎರಡು ಕವಲುಗಳಾಗಿ ಇಳಿಯುತ್ತದೆ. ಒಂದು ಕವಲು ಗನೋಗ ಗ್ಲೆನ್ ಎಂಬ ಕಮರಿಯಲ್ಲೂ ಇನ್ನೊಂದು ಗ್ಲೆನ್ ಲೀ ಎಂಬ ಕಮರಿಯಲ್ಲೂ ಹರಿದು, ‘ವಾಟರ್ಸ್ ಮೀಟ್’ ಎಂದು ಕರೆಯುವ ಸಂಗಮದಲ್ಲಿ ಒಂದಾಗಿ, ಅಲ್ಲಿಂದ ಕೆಳಗೆ ಮೂರನೆಯ ಕಮರಿಯ ಮೂಲಕ 118ನೇ ಹೆದ್ದಾರಿಯ ಕಡೆಗೆ ಸಾಗುತ್ತವೆ. ಎರಡು ಕವಲುಗಳ ಮೇಲ್ತುದಿಗಳನ್ನು ಹೈಲ್ಯಾಂಡ್ ಟ್ರೇಲ್ ಎಂಬ ಅಡ್ಡದಾರಿಯೊಂದು ಜೋಡಿಸುವುದರಿಂದ, ಒಂದು ಕಮರಿಯಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಹೊರಟಲ್ಲಿಗೇ ಮರಳುವ 3.2 ಮೈಲಿಗಳ ಚಿಕ್ಕ ಸುತ್ತು ದೊರೆಯುತ್ತದೆ. ಹೋದ ದಾರಿಯಲ್ಲೇ ಹಿಂದಿರುಗದೆ ಹೀಗೆ ಸುತ್ತಿ ಬರುವ ದಾರಿಗೆ ಅಲ್ಲಿನವರು ಲೂಪ್ ಟ್ರೇಲ್ ಎನ್ನುತ್ತಾರೆ.

ಈ ಕಮರಿಗಳು ಕಡಿದಾಗಿರುವುದಕ್ಕೆ ಕಾರಣ ಕಲ್ಲಿನ ಪದರಗಳಲ್ಲಿಯೂ ಹಿಮಯುಗದ ನೀರಿನಲ್ಲಿಯೂ ಇದೆ. ಅಲೆಘೆನಿ ಪ್ರಸ್ಥಭೂಮಿಯ ಅಂಚು ಇಲ್ಲಿ ತಗ್ಗಿನ ನೆಲಕ್ಕೆ ಇಳಿಯುತ್ತದೆ. ತೊರೆಯು ಎರಡೂಕಾಲು ಮೈಲಿಗಳೊಳಗೆ ಸಾವಿರ ಅಡಿಗಳಷ್ಟು ಕೆಳಕ್ಕೆ ಬರುತ್ತದೆ. ಹಿಮಯುಗದ ಕೊನೆಯಲ್ಲಿ ಹಿಮನದಿಗಳು ಕರಗಿ ಹಿಂದೆ ಸರಿದಾಗ ತೊರೆಯ ಜಲಾನಯನ ಪ್ರದೇಶವು, ಅಂದರೆ ಅದಕ್ಕೆ ನೀರುಣಿಸುವ ನೆಲವು, ವಿಸ್ತಾರಗೊಂಡು, ಹೆಚ್ಚಿದ ಹರಿವು ಬಂಡೆಯನ್ನು ಆಳವಾಗಿ ಕೊರೆಯಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಹೈಲ್ಯಾಂಡ್ ಟ್ರೇಲಿನಲ್ಲಿ ನಡೆಯುವವರು ನುಸುಳಿ ಸಾಗಬೇಕಾದ ‘ಮಿಡ್‌ವೇ ಕ್ರೆವಾಸ್’ ಎಂಬ ಇಕ್ಕಟ್ಟಾದ ಸಂದು ಕೂಡ ಹಿಮನದಿಯು ಬಿಟ್ಟುಹೋದ ಭಾರಿ ಬಂಡೆಗಳ ನಡುವಿನದು.

ಜಲಪಾತಗಳಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ಗುರುತಿಸಬಹುದು. ಗಟ್ಟಿಯಾದ ಕೆಂಪು ಮರಳುಗಲ್ಲಿನ ಪದರವು ಮೇಲಿದ್ದು, ಅದರ ಕೆಳಗಿನ ಶೇಲ್ ಎಂಬ ಮೆತುವಾದ ಪದರಗಲ್ಲನ್ನು ನೀರು ಕೊರೆದುಹಾಕಿದಲ್ಲಿ, ನೀರು ಅಂಚಿನಿಂದ ನೇರವಾಗಿ ಕೆಳಗಿನ ಮಡುವಿಗೆ ಬೀಳುತ್ತದೆ. ಇದನ್ನು ವಧುವಿನ ಮುಸುಕಿನ ಜಲಪಾತವೆಂದು ಕರೆಯುವ ರೂಢಿಯಿದೆ. ಬೂದು ಮರಳುಗಲ್ಲಿನ ತೆಳುಪದರಗಳು ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಸವೆದಿರುವಲ್ಲಾದರೋ ನೀರು ಅಂತಸ್ತು ಅಂತಸ್ತಾಗಿ ಇಳಿಯುತ್ತಿದ್ದು, ಅದಕ್ಕೆ ಮದುವೆಯ ಕೇಕಿನ ಹೆಸರು ಬಂದಿದೆ. ಇಲ್ಲಿನ ಅತ್ಯಂತ ಎತ್ತರದ ಜಲಪಾತವಾದ ಗನೋಗ 94 ಅಡಿಗಳದು. ಜೋಗದ 830 ಅಡಿಗಳನ್ನು ಬಲ್ಲ ಕನ್ನಡಿಗರಿಗೆ ಈ ಸಂಖ್ಯೆ ದೊಡ್ಡದಾಗಿ ತೋರಲಾರದು. ಆದರೆ ಜೋಗವನ್ನು ಹೆಚ್ಚಿನವರು ಎದುರಿನ ದಂಡೆಯಿಂದ ನೋಡಿದರೆ, ಇಲ್ಲಿ ದಾರಿಯೇ ಜಲಪಾತದ ಮಗ್ಗುಲಲ್ಲಿ, ತುಂತುರು ಮೈಗೆ ತಾಗುವಷ್ಟು ಸಮೀಪದಲ್ಲಿ ಇಳಿಯುತ್ತದೆ. ನೀರಿನ ಕಾಲವೂ ಬೇರೆ. ಸಹ್ಯಾದ್ರಿಯ ಜಲಪಾತಗಳು ಮುಂಗಾರಿನಲ್ಲಿ ಮೈದುಂಬಿದರೆ, ಇವು ಚಳಿಗಾಲದ ಹಿಮ ಕರಗುವ ವಸಂತದಲ್ಲಿ ತುಂಬಿ ಹರಿದು, ಬೇಸಿಗೆಯ ಕೊನೆಗೆ ಸೊರಗುತ್ತವೆ.

ಈ ದಾರಿಯನ್ನು ಕಡಿಸಿದವನು ರಾಬರ್ಟ್ ಬ್ರೂಸ್ ರಿಕೆಟ್ಸ್. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ಕದನದಲ್ಲಿ, ಫಿರಂಗಿ ದಳವೊಂದನ್ನು ಮುನ್ನಡೆಸಿದ ಈತ ಯುದ್ಧದ ನಂತರ ಇಲ್ಲಿ ಭೂಮಿಯನ್ನು ಕೊಳ್ಳುತ್ತಾ ಹೋಗಿ, 80,000 ಎಕರೆಗಳಿಗೂ ಮಿಗಿಲಾದ ಕಾಡಿಗೆ ಒಡೆಯನಾದನು. 1889ರಿಂದ 1893ರವರೆಗೆ ಆರು ಜನ ಕೆಲಸಗಾರರು ಕಮರಿಗಳ ಗೋಡೆಗಳಲ್ಲಿ ದಾರಿಯನ್ನೂ ಕಲ್ಲಿನ ಮೆಟ್ಟಿಲುಗಳನ್ನೂ ನಿರ್ಮಿಸಿದರು. ಹಲವು ಜಲಪಾತಗಳಿಗೆ ಮೊಹಾಕ್, ಒನೈಡ, ಟಸ್ಕರೋರ ಮೊದಲಾದ ಮೂಲನಿವಾಸಿ ಜನಾಂಗಗಳ ಹೆಸರುಗಳನ್ನೂ, ಕೆಲವಕ್ಕೆ ತನ್ನ ಬಂಧುಮಿತ್ರರ ಹೆಸರುಗಳನ್ನೂ ರಿಕೆಟ್ಸ್ ಇಟ್ಟನು. ಹಾಗೆಂದು ಆತನನ್ನು ಕಾಡಿನ ರಕ್ಷಕನೆಂದು ಹೊಗಳಿ ಮುಗಿಸುವಂತಿಲ್ಲ, ಏಕೆಂದರೆ ಸುತ್ತಲಿನ ಪ್ರಸ್ಥಭೂಮಿಯ ಮರಗಳನ್ನು 1890ರಿಂದ 1913ರವರೆಗೆ ಕಡಿದು ಮಾರಿದ್ದೂ ಆತನ ಕಾಲದಲ್ಲಿಯೇ. ಕಮರಿಗಳಿಗೆ ಮಾತ್ರ ಕೊಡಲಿ ತಾಗಲಿಲ್ಲ. ಆತ ಇಲ್ಲಿ ನಡೆಸುತ್ತಿದ್ದ ಹೋಟೆಲಿನ ಅತಿಥಿಗಳನ್ನು ಸೆಳೆಯುತ್ತಿದ್ದ ಚೆಲುವೇ ಕಮರಿಗಳ ಮರಗಳನ್ನೂ ಕಾಯಿತೆನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರದ ಮಾತಾದೀತು. 1930ರ ದಶಕದಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಯೋಚನೆಯಿದ್ದು, ಎರಡನೆಯ ಮಹಾಯುದ್ಧದಿಂದಾಗಿ ಅದು ಕೈಬಿಟ್ಟುಹೋದ ಮೇಲೆ ರಾಜ್ಯ ಸರ್ಕಾರವು 1942ರಿಂದ ಭೂಮಿಯನ್ನು ಕೊಂಡು, 1944ರಲ್ಲಿ ಉದ್ಯಾನವನ್ನು ಜನರಿಗೆ ತೆರೆಯಿತು. 1969ರಲ್ಲಿ ಈ ಕಮರಿಗಳಿಗೆ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತಿನ ಮಾನ್ಯತೆ ದೊರೆಯಿತು.

ಹೀಗೆ ಉಳಿದ ಮರಗಳಲ್ಲಿ ಹೆಮ್ಲಾಕ್ ಎಂಬ ಸೂಜಿಯೆಲೆಯ ವೃಕ್ಷವು ಪ್ರಧಾನವಾದದ್ದು. ಇದೇ ಪೆನ್ಸಿಲ್ವೇನಿಯದ ರಾಜ್ಯವೃಕ್ಷ. ಚರ್ಮ ಹದಮಾಡಲು ಇದರ ತೊಗಟೆಗಾಗಿ ಹಿಂದೆ ಇಡೀ ಬೆಟ್ಟಗಳು ಬೋಳಾಗಿದ್ದವು. ಕಮರಿಯಲ್ಲಿ ಉರುಳಿಬಿದ್ದ ಕೆಲವು ಮರಗಳ ಕಾಂಡದಲ್ಲಿ 900ರವರೆಗೆ ವಾರ್ಷಿಕ ಉಂಗುರಗಳನ್ನು ಎಣಿಸಲಾಗಿದೆ. ಹೆಮ್ಲಾಕಿನ ದಟ್ಟ ನೆರಳು ತೊರೆಯ ನೀರನ್ನು ತಂಪಾಗಿರಿಸುತ್ತದೆ. ಬಂಡೆಗಳ ಮೇಲೆ ಪಾಚಿ ಒಣಗದೆ ನಿಲ್ಲುವುದಕ್ಕೂ ಆ ನೆರಳೇ ಕಾರಣ. ಈಗ ಏಷ್ಯಾದಿಂದ ಬಂದ ವೂಲಿ ಅಡೆಲ್ಜಿಡ್ ಎಂಬ ಸೂಕ್ಷ್ಮ ಕೀಟವು ಸೂಜಿಯೆಲೆಗಳ ಬುಡದಲ್ಲಿ ನೆಲೆಸಿ, ಬಿಳಿಯ ಉಣ್ಣೆಯಂಥ ಹೊದಿಕೆಯೊಳಗೆ ಮೊಟ್ಟೆಯಿಟ್ಟು, ರಸ ಹೀರಿ ಮರಗಳನ್ನು ಒಣಗಿಸುತ್ತಿದೆ. ಬಿರುಸಾದ ಚಳಿ ಈ ಕೀಟವನ್ನು ಕೊಲ್ಲುವುದರಿಂದ, ಚಳಿಗಾಲಗಳು ಸೌಮ್ಯವಾದಂತೆ ಅಪಾಯವೂ ಹೆಚ್ಚುತ್ತದೆ.

ನಡೆಯುವವರಿಗೆ ತೊಡಕಾಗುವುದು ಏರಿಗಿಂತ ಒದ್ದೆ ಕಲ್ಲು. ಮೆಟ್ಟಿಲುಗಳ ಎತ್ತರ ಒಂದೇ ಸಮನಿಲ್ಲ, ಹಲವೆಡೆ ಹಿಡಿಗಂಬಿಗಳಿಲ್ಲ, ಶರತ್ಕಾಲದಲ್ಲಿ ಉದುರಿದ ಎಲೆಗಳು ಜಾರುವ ಕಲ್ಲನ್ನು ಮುಚ್ಚಿಬಿಡುತ್ತವೆ. ಮೇಲಿನ ವಾಹನ ನಿಲ್ದಾಣದಿಂದ ಹೊರಡುವವರು ಮೊದಲು ಸುಲಭವಾಗಿ ಇಳಿದು, ಮಂಡಿ ದಣಿದ ಮೇಲೆ ಏರನ್ನು ಎದುರಿಸಬೇಕಾಗುತ್ತದೆ. ಆದ್ದರಿಂದ ಪೂರ್ತಿ ದಾರಿಯನ್ನು ನಡೆಯಬಲ್ಲವರು ಕೆಳಗಿನ ಹೆದ್ದಾರಿಯ ಬಳಿಯಿಂದಲೇ ಆರಂಭಿಸಿ, ಮುಂಜಾನೆಯ ಹುರುಪಿನಲ್ಲಿ ಹತ್ತುವುದು ಜಾಣತನ. ಇನ್ನೊಂದು ಎಚ್ಚರಿಕೆ ಉಣುಗಿನದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿಂದಾಗಿ ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ. ರಿಕೆಟ್ಸ್ ಗ್ಲೆನ್ ಕಾಡಿನಲ್ಲಿ ಕಪ್ಪುಗಾಲಿನ ಉಣುಗು ಲೈಮ್ ಎಂಬ ಬ್ಯಾಕ್ಟೀರಿಯಾ ರೋಗವನ್ನು ಹರಡುತ್ತದೆ. ಅದರ ಮರಿಗಳು ಗಸಗಸೆ ಕಾಳಿನಷ್ಟೇ ಇರುವುದರಿಂದ, ಉದ್ದ ಪ್ಯಾಂಟು ತೊಟ್ಟು ನಡೆದು, ಮರಳಿದ ಮೇಲೆ ಮೈಯನ್ನು ಕೂಲಂಕಷವಾಗಿ ನೋಡಿಕೊಳ್ಳಬೇಕು.

ಚಳಿಗಾಲದಲ್ಲಿ ಜಲಪಾತಗಳು ಹೆಪ್ಪುಗಟ್ಟಿ ಮೆಟ್ಟಿಲುಗಳೆಲ್ಲ ಮಂಜುಗಡ್ಡೆಯಾಗುವುದರಿಂದ, ಬೂಟಿಗೆ ಕಟ್ಟುವ ಲೋಹದ ಮುಳ್ಳು, ಹಿಮಗೊಡಲಿ, ಹಗ್ಗಗಳನ್ನು ಹೊಂದಿರುವ ಅನುಭವಿಗಳಿಗೆ ಮಾತ್ರ ಕಮರಿಯೊಳಗೆ ಪ್ರವೇಶವಿದೆ. ಉಳಿದ ಕಾಲದಲ್ಲಿ ಈ ನಿರ್ಬಂಧವಿಲ್ಲ, ಉದ್ಯಾನಕ್ಕೆ ಪ್ರವೇಶ ಶುಲ್ಕವೂ ಇಲ್ಲ. ಆದರೆ ಎಲೆಗಳು ಬಣ್ಣಗೊಳ್ಳುವ ಅಕ್ಟೋಬರಿನ ವಾರಾಂತ್ಯಗಳಲ್ಲಿ ಜನಸಂದಣಿ ವಿಪರೀತ. ನ್ಯೂಜೆರ್ಸಿ, ಫಿಲಡೆಲ್ಫಿಯಾಗಳಲ್ಲಿ ನೆಲೆಸಿರುವ ಕನ್ನಡಿಗರು ಒಂದೇ ದಿನದಲ್ಲಿ ಹೋಗಿಬರಬಹುದಾದ ದೂರವಿದು. ಊರಿನಿಂದ ಬಂದಿರುವ ವಯಸ್ಸಾದ ತಂದೆತಾಯಿಗಳನ್ನು ಕರೆದೊಯ್ಯುವವರು ಕಮರಿಯ ಗೊಡವೆಗೆ ಹೋಗದೆ, ಹೆದ್ದಾರಿಯ ಪಕ್ಕದಲ್ಲೇ ಇರುವ 36 ಅಡಿಗಳ ಆಡಮ್ಸ್ ಜಲಪಾತವನ್ನು ತೋರಿಸಿ, ಅಲ್ಲಿಂದಲೇ ಹೊರಡುವ ಒಂದು ಮೈಲಿಯ ಎವರ್‌ಗ್ರೀನ್ ಟ್ರೇಲಿನಲ್ಲಿ ಹಳೆಯ ಹೆಮ್ಲಾಕ್ ಮರಗಳ ನಡುವೆ ನಿಧಾನವಾಗಿ ನಡೆಸಿಕೊಂಡು ಬರಬಹುದು.