ಕಾರಿನ ಶೋಕಿ, ವೈರಿನೊಳಗಿನ ಬೆಂಕಿ

ಊರಲ್ಲೊಂದು ನಿಕಾಹ್ ಇದ್ದರೆ ಸಾಕು, ಮಹಾಲಕ್ಷ್ಮಿ ಲೇಔಟ್, ಕುರುಬರಹಳ್ಳಿ ಕಡೆಯ ನಮ್ಮವರ ಕಾರುಗಳು ರಾತ್ರಿಯೇ ಹೊರಡುತ್ತವೆ. ನೆಲಮಂಗಲ, ಹಾಸನ, ಶಿರಾಡಿ ಘಾಟಿ. ಉಮ್ಮ, ಮಕ್ಕಳು ಎಲ್ಲ ಒಂದೇ ಕಾರಲ್ಲಿ. ಡಿಕ್ಕಿಯಲ್ಲಿ ದೊಡ್ಡ ವೂಫರ್, ಮುಂದೆ ಕಣ್ಣು ಕುಕ್ಕುವ ಲೈಟು. ಕಾರು ತಗೊಂಡ ವಾರದಲ್ಲೇ ಇವನ್ನೆಲ್ಲ ಹಾಕಿಸದಿದ್ದರೆ ಹುಡುಗರಿಗೆ ನಿದ್ದೆ ಬರುವುದಿಲ್ಲ.

2023ರ ಫೆಬ್ರವರಿ 2ರಂದು ಕಣ್ಣೂರಿನಲ್ಲಿ ಹೆರಿಗೆಗೆ ಆಸ್ಪತ್ರೆಗೆ ಹೋಗುತ್ತಿದ್ದ ಕುಟುಂಬದ ಕಾರಿಗೆ ಬೆಂಕಿ ಹತ್ತಿತು. ಹಿಂದೆ ಕೂತಿದ್ದ ನಾಲ್ವರು ಪಾರಾದರು. ಮುಂದಿದ್ದ ಗಂಡ, ತುಂಬು ಗರ್ಭಿಣಿ ಹೆಂಡತಿ ಬಾಗಿಲು ತೆರೆಯಲಾಗದೆ ತೀರಿಕೊಂಡರು. ಓಡಿ ಬಂದ ಜನರಿಂದಲೂ ಆಗಲಿಲ್ಲ. ಆಸ್ಪತ್ರೆ ಅಲ್ಲೇ ಹತ್ತಿರದಲ್ಲಿತ್ತು. ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಮೊದಲ ತಪಾಸಣೆ ಹೇಳಿತು. ಹೊರಗೆ ಹಾಕಿಸಿದ ಕ್ಯಾಮೆರಾ, ಸೌಂಡ್ ಸಿಸ್ಟಂ ಬಗ್ಗೆಯೂ ಪ್ರಶ್ನೆ ಎದ್ದಿತು.

ಲೆಕ್ಕ ಸುಲಭ. ಕಂಪನಿಯ ಹ್ಯಾಲೊಜೆನ್ ಬಲ್ಬ್ ಸಾಮಾನ್ಯವಾಗಿ 60/55 ವಾಟ್. ಅದರ ಜಾಗದಲ್ಲಿ 100/90 ಹಾಕಿದರೆ, 5 ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ 8ಕ್ಕಿಂತ ಹೆಚ್ಚು ಹರಿಯುತ್ತದೆ. ವೈರಿನೊಳಗೆ ಹುಟ್ಟುವ ಬಿಸಿ ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟು. ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ, ಒಂದು ದಿನ ತಾಮ್ರ ಬಾಡಿಗೆ ತಾಗುತ್ತದೆ. ಫ್ಯೂಸ್ ಪದೇಪದೇ ಹೋಗುತ್ತದೆಂದು 10ರ ಜಾಗಕ್ಕೆ 30 ಹಾಕುವವರಿದ್ದಾರೆ. ಕಾವಲುಗಾರ ಕೂಗುತ್ತಾನೆ ಅಂತ ಅವನ ಬಾಯಿಗೆ ಬಟ್ಟೆ ತುರುಕಿದ ಹಾಗೆ! ವೂಫರಿಗೆ ಬ್ಯಾಟರಿಯಿಂದ ನೇರ ವೈರ್ ಎಳೆದರೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಜಾಸ್ತಿ ಕರೆಂಟಿನ ಲೈಟಿಗೆ ರಿಲೇ ಮತ್ತು ದಪ್ಪ ವೈರ್ ಬೇಕು. ಬರೀ ಟೇಪ್ ಸುತ್ತಿದ ಜಾಯಿಂಟ್ ಕಂಡರೆ ಬಿಚ್ಚಿಸಿ.

ಸೈಲೆನ್ಸರಿನಿಂದ ಬೆಂಕಿ ಉಗುಳಿಸುವುದು ಇನ್ನೊಂದು ಹುಚ್ಚು. ಎಂಜಿನ್ನಿನಲ್ಲಿ ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಉರಿಯುತ್ತದೆ ಅಷ್ಟೇ, ಅದರಲ್ಲಿ ಗಂಡಸ್ತನ ಏನಿದೆ? ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯ ಪ್ರಕಾರ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದೂ ಮಾಲಕರಿಗೆ. ಆರ್‌ಸಿ ಉಪ್ಪನ ಹೆಸರಲ್ಲಿದ್ದರೆ ಉಪ್ಪನಿಗೆ.

ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಒಳಗಿದ್ದವರ ಸಮೇತ ಸುಟ್ಟುಹೋದಾಗ ಪ್ರವಾದಿಯವರು (ಸ) ಬೆಂಕಿಯನ್ನು ಶತ್ರು ಎಂದು ಕರೆದು, ಮಲಗುವ ಮುಂಚೆ ಆರಿಸಲು ಹೇಳಿದ್ದು ಬುಖಾರಿಯಲ್ಲಿದೆ. ವಿಧಿ ಎಂದು ಕೈಕಟ್ಟಿ ಕೂರಲು ಹೇಳಲಿಲ್ಲ.

ಹೊಗೆಗೆ ಹೆಚ್ಚು ಹೊತ್ತು ಬೇಡ. 2024ರ ನವೆಂಬರ್ 19ರಂದು ನಮ್ಮ ಪಕ್ಕದ ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿಗೆ ಬೆಂಕಿ ಬಿದ್ದಾಗ 20 ವರ್ಷದ ಉದ್ಯೋಗಿ ಹುಡುಗಿ ಹೊರಬರಲಾಗದೆ ಪ್ರಾಣ ಬಿಟ್ಟಳು. ಕಾರಿನಲ್ಲಿ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ, ಕೀ ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಿ 112ಕ್ಕೆ ಫೋನ್ ಮಾಡಿ. ಬಾನೆಟ್ ತೆರೆಯಬೇಡಿ, ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ. ಬ್ಯಾಗಿಗಾಗಿ ವಾಪಸ್ ಹೋಗಬೇಡಿ. ಗಾಜು ಒಡೆಯುವ ಸಣ್ಣ ಸುತ್ತಿಗೆ ಡಿಕ್ಕಿಯಲ್ಲಲ್ಲ, ಡ್ರೈವರ್ ಕೈಗೆ ಸಿಗುವಲ್ಲಿರಲಿ; ಬಾಗಿಲಿನ ಗಾಜಿನ ಮೂಲೆಗೆ ಹೊಡೆಯಬೇಕು. ಮಕ್ಕಳಿಗಾಗಿ ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಅದು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ತೆರೆಯಬೇಕು. ಹೊರಡುವ ಮುಂಚೆ ಮನೆಯವರಿಗೆಲ್ಲ ಒಮ್ಮೆ ತೋರಿಸಿಕೊಡಿ.